ಚಂಡಮಾರುತ ಮತ್ತು ಅಪಾಯದಲ್ಲಿರುವ ಹಕ್ಕಿಗಳು: ನಮ್ಮೂರ ಶಾಲೆಗೆ ಕ್ವಿಜ್ ಪ್ರಶ್ನೆ ಮಾಡುವುದು ಹೇಗೆ

ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ನವೆಂಬರ್ 12 ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ ದಿನ. ಈ ಎರಡರ ನಡುವೆ ಚಿಕ್ಕಮಗಳೂರು, ಮೂಡಿಗೆರೆ, ಬೇಲೂರು, ಸಕಲೇಶಪುರ ಕಡೆ ಪರಿಸರ ಕ್ವಿಜ್‌ಗಳಿಗೆ ಸುಗ್ಗಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲವೂ ಅದೇ, ವಲಸೆ ಹಕ್ಕಿಗಳು ನಮ್ಮ ಕೆರೆಗಳಿಗೆ ಬಂದಿಳಿಯುವ ಕಾಲವೂ ಅದೇ. ಹಾಗಾಗಿ ಎರಡನ್ನೂ ಸೇರಿಸಿ ಒಂದು ಸುತ್ತು ಮಾಡಿಕೊಡಿ ಅಂತ ಯಾರಾದರೂ ಮೇಷ್ಟ್ರು ಫೋನ್ ಮಾಡೇ ಮಾಡುತ್ತಾರೆ. ಆ ಫೋನು ನಿಮಗೂ ಬಂದಿದ್ದರೆ ಇದು ನಿಮಗೆ.

ಸಾಮಾನ್ಯವಾಗಿ ಏನಾಗುತ್ತೆ ಅಂದರೆ, ಮೊಬೈಲ್ ತೆಗೆದು ಸ್ಪರ್ಧಾತ್ಮಕ ಪರೀಕ್ಷೆಯ ಹಳೇ ಪ್ರಶ್ನೆಗಳನ್ನು ಇಳಿಸಿಕೊಳ್ಳುತ್ತೇವೆ. ಆಂಫಾನ್ ಚಂಡಮಾರುತಕ್ಕೆ ಆ ಹೆಸರು ಕೊಟ್ಟ ದೇಶ ಯಾವುದು? ಥಾಯ್ಲೆಂಡ್. ಬಾಯಿಪಾಠ ಮಾಡಿದ ಒಂದು ಮಗು ಹೇಳುತ್ತೆ, ಉಳಿದವರು ಸೂರು ನೋಡುತ್ತಾರೆ. ಇಂಥ ಪ್ರಶ್ನೆ ಒಂದೋ ಎರಡೋ ಇರಲಿ, ತಪ್ಪಿಲ್ಲ. ಆದರೆ ಇಡೀ ಸುತ್ತು ಹೀಗೇ ಹೋದರೆ ಅದು ಕ್ವಿಜ್ ಅಲ್ಲ, ಕಾಪಿ ತಿದ್ದುವ ಕೆಲಸ. ಉತ್ತರ ಗೊತ್ತಿಲ್ಲದ ಮಗುವಿಗೂ ಯೋಚನೆ ಮಾಡಿ ಹತ್ತಿರ ಬರುವ ದಾರಿ ಪ್ರಶ್ನೆಯೊಳಗೇ ಇರಬೇಕು, ಮತ್ತು ಆ ದಾರಿ ಆದಷ್ಟು ಅವರ ಮನೆ ಅಂಗಳದಿಂದಲೇ ಶುರುವಾಗಬೇಕು. ನಾನು ಹೇಳುವುದು ಇಷ್ಟೇ. ಇನ್ನು ಇದನ್ನು ಮಾಡುವುದು ಹೇಗೆ ನೋಡೋಣ.

ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನೋಡಿ

ಮೊದಲು ಬರೆಯುವ ರೂಪ ಹೀಗಿರುತ್ತೆ: "2023ರ ಮೇ ತಿಂಗಳಲ್ಲಿ ಮ್ಯಾನ್ಮಾರ್‌ಗೆ ಅಪ್ಪಳಿಸಿದ ಚಂಡಮಾರುತ ಯಾವುದು?" ಸುಮ್ನೆ ನೆನಪಿನ ಪ್ರಶ್ನೆ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಪಾಸ್.

ಈಗ ಇದನ್ನೇ ತಿರುಗಿಸಿ. "ಒಂದು ಬಂದರಿನ ಹೆಸರು ಹೇಳಬೇಕು. 2023ರ ಮೇ 14ರಂದು ಮ್ಯಾನ್ಮಾರ್‌ನ ಸಿಟ್ವೆ ಹತ್ತಿರ ದಡ ಮುಟ್ಟಿದ ಚಂಡಮಾರುತಕ್ಕೆ ಯೆಮನ್ ದೇಶ ಈ ಹೆಸರು ಕೊಟ್ಟಿತ್ತು. ಒಂದು ಕಾಲದಲ್ಲಿ ಪ್ರಪಂಚಕ್ಕೆಲ್ಲ ಕಾಫಿ ಹೋಗುತ್ತಿದ್ದದ್ದು ಇಲ್ಲಿಂದ. ಬಾಬಾಬುಡನ್ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ಹಾಕಿದರು ಅನ್ನುವ ಕಥೆಯಲ್ಲೂ ಈ ಬಂದರು ಬರುತ್ತೆ."

ಉತ್ತರ ಮೋಕಾ. ಪತ್ರಿಕೆಗಳಲ್ಲಿ ಮೋಚಾ ಅಂತಲೂ ಬಂದಿತ್ತು, ಎರಡನ್ನೂ ಒಪ್ಪಿಕೊಳ್ಳಿ.

ಇಲ್ಲಿ ಏನು ಮಾಡಿದೆವು ನೋಡಿ. ಏನು ಕೇಳುತ್ತಿದ್ದೇವೆ ಅನ್ನುವುದನ್ನು ಮೊದಲ ಸಾಲಲ್ಲೇ ಹೇಳಿದೆವು. ಕನ್ನಡದಲ್ಲಿ "ಯಾವುದು", "ಏನು" ಅನ್ನುವುದು ವಾಕ್ಯದ ಕೊನೆಗೆ ಬೀಳುವುದರಿಂದ, ಉದ್ದದ ಪ್ರಶ್ನೆ ಓದಿ ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನವರಿಗೆ ಶುರು ಏನಿತ್ತು ಅಂತಲೇ ಮರೆತಿರುತ್ತೆ. ಆಮೇಲೆ ಕಷ್ಟದ ಸುಳಿವು ಮೊದಲು, ಸುಲಭದ್ದು ಕೊನೆಗೆ. ಮೇ 14, ಸಿಟ್ವೆ ಕೇಳಿದಾಗಲೇ ಬೆಲ್ ಒತ್ತುವವರು ಒಬ್ಬಿಬ್ಬರು ಇರಬಹುದು. ಕಾಫಿ ಅಂದ ಕೂಡಲೇ ಅರ್ಧ ಕೋಣೆ ಎದ್ದು ಕೂರುತ್ತೆ. ಕೊನೆಯದಾಗಿ, ಬಾಬಾಬುಡನ್ ವಿಷಯ ಕಥೆ ಅಂತಲೇ ಹೇಳಿದೆವು, ಇತಿಹಾಸ ಅಂತ ಮುದ್ರೆ ಒತ್ತಲಿಲ್ಲ. ಕ್ವಿಜ್‌ನಲ್ಲಿ ಈ ಎಚ್ಚರ ಬೇಕೇ ಬೇಕು.

ಹೆಸರುಗಳ ಹಿಂದೆ ಹೋಗಿ, ಆದರೆ ಪಟ್ಟಿ ಓದಬೇಡಿ

ಚಂಡಮಾರುತದ ಹೆಸರು ಅಂದರೆ ಮಕ್ಕಳಿಗೆ ಇಷ್ಟ. ನಿಮಗೆ ಬೇಕಾದ ಹಿನ್ನೆಲೆ ಇಷ್ಟು: ಉತ್ತರ ಹಿಂದೂ ಮಹಾಸಾಗರದಲ್ಲಿ, ಅಂದರೆ ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಯಲ್ಲಿ, ಹೆಸರಿಡುವ ಪದ್ಧತಿ ಶುರುವಾಗಿದ್ದು 2004ರಲ್ಲಿ. ಆಗ ಎಂಟು ದೇಶ ಹೆಸರು ಕೊಟ್ಟಿದ್ದವು. ಆಮೇಲೆ ಇರಾನ್, ಕತಾರ್, ಸೌದಿ ಅರೇಬಿಯಾ, ಯುಎಇ, ಯೆಮನ್ ಸೇರಿ 13 ಆದವು. 2020ರ ಏಪ್ರಿಲ್‌ನಲ್ಲಿ ಬಂದ ಹೊಸ ಪಟ್ಟಿಯಲ್ಲಿ ಒಂದೊಂದು ದೇಶದ್ದು 13 ಹೆಸರು, ಒಟ್ಟು 169. ಹಳೇ ಪಟ್ಟಿಯ ಕೊನೆಯ ಹೆಸರು ಆಂಫಾನ್, ಹೊಸ ಪಟ್ಟಿಯ ಮೊದಲ ಹೆಸರು ಬಾಂಗ್ಲಾದೇಶ ಕೊಟ್ಟ ನಿಸರ್ಗ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಮಾತ್ರ ಹೆಸರು. ಇಡುವುದು ದೆಹಲಿಯಲ್ಲಿರುವ ನಮ್ಮ ಹವಾಮಾನ ಇಲಾಖೆ. ಒಮ್ಮೆ ಬಳಸಿದ ಹೆಸರನ್ನು ನಮ್ಮ ಕಡೆ ಮತ್ತೆ ಬಳಸುವುದಿಲ್ಲ. ಅಟ್ಲಾಂಟಿಕ್‌ನಲ್ಲಿ ಹಾಗಲ್ಲ, ಅಲ್ಲಿ ಆರು ವರ್ಷಕ್ಕೊಮ್ಮೆ ಅದೇ ಪಟ್ಟಿ ತಿರುಗಿ ಬರುತ್ತೆ, ಭಾರೀ ಹಾನಿ ಮಾಡಿದ ಹೆಸರನ್ನು ಮಾತ್ರ ಕೈಬಿಡುತ್ತಾರೆ.

ಇದರಿಂದ ಒಂದು ಒಳ್ಳೇ ಬಲೆ ಹೆಣೆಯಬಹುದು. "1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಸೂಪರ್ ಸೈಕ್ಲೋನ್‌ಗೆ ಭಾರತದ ಹವಾಮಾನ ಇಲಾಖೆ ಇಟ್ಟ ಹೆಸರೇನು?" ಉತ್ತರ: ಹೆಸರೇ ಇಲ್ಲ. 2004ಕ್ಕೆ ಮುಂಚೆ ಹೆಸರಿಡುವ ಪದ್ಧತಿಯೇ ಇರಲಿಲ್ಲ ಅಂತ ಗೊತ್ತಿದ್ದ ತಂಡ ಇಲ್ಲಿ ನಗುತ್ತೆ. ಇಂಥ ಬಲೆ ಒಂದು ಸುತ್ತಿಗೆ ಒಂದೇ ಸಾಕು. ಜಾಸ್ತಿ ಆದರೆ ಮಕ್ಕಳು ಪ್ರತಿ ಪ್ರಶ್ನೆಯಲ್ಲೂ ಏನೋ ಮೋಸ ಇದೆ ಅಂತ ಹುಡುಕಲು ಶುರು ಮಾಡುತ್ತಾರೆ.

ಹಕ್ಕಿ ಮತ್ತು ಚಂಡಮಾರುತ ಎರಡೂ ಸೇರುವ ಜಾಗ ಅಂದರೆ ಹಕ್ಕಿ ಹೆಸರಿನ ಚಂಡಮಾರುತಗಳು. ಮೂರು ಸಿಗುತ್ತವೆ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಹೊಡೆದ ಹುದ್‌ಹುದ್. ಹೆಸರು ಕೊಟ್ಟದ್ದು ಓಮಾನ್, ಅದು ನಮ್ಮ ಚಂದ್ರಮುಕುಟ ಹಕ್ಕಿ. 2019ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳಕ್ಕೆ ಬಂದ ಬುಲ್‌ಬುಲ್, ಪಾಕಿಸ್ತಾನ ಕೊಟ್ಟ ಹೆಸರು, ಅಂದರೆ ಪಿಕಳಾರ. 2021ರ ಅಕ್ಟೋಬರ್ 3ರಂದು ಓಮಾನ್ ದಡ ಮುಟ್ಟಿದ ಶಾಹೀನ್, ಕತಾರ್ ಕೊಟ್ಟದ್ದು, ಒಂದು ಜಾತಿಯ ಡೇಗೆ.

ಇದನ್ನು ಚಿತ್ರದ ಸುತ್ತು ಮಾಡಿ. ಮೂರು ಹಕ್ಕಿ ಫೋಟೋ ಪಕ್ಕಪಕ್ಕ ಇಟ್ಟು, "ಈ ಮೂರಕ್ಕೂ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರಕ್ಕೂ ಏನು ಸಂಬಂಧ?" ಅಂತ ಕೇಳಿ. ಚಂದ್ರಮುಕುಟದ ತಲೆ ಮೇಲಿನ ಬೀಸಣಿಗೆ ಜುಟ್ಟು ನೋಡದ ಮಗು ಬಯಲುಸೀಮೆ ಕಡೆ, ಅರಸೀಕೆರೆ, ಕಡೂರಲ್ಲಂತೂ ಸಿಗಲಾರದು. ಪಿಕಳಾರ ಎಲ್ಲರ ಮನೆ ಬೇಲಿಯಲ್ಲೂ ಇದೆ. ಹಕ್ಕಿ ಗುರುತು ಸಿಕ್ಕರೆ ಅರ್ಧ ಅಂಕ, ಸಂಬಂಧ ಹೇಳಿದರೆ ಪೂರ್ತಿ.

ಶಾಹೀನ್‌ನಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ. ಅದಕ್ಕಿಂತ ಕೆಲವೇ ದಿನ ಮುಂಚೆ ಬಂಗಾಳ ಕೊಲ್ಲಿಯಲ್ಲಿ ಗುಲಾಬ್ ಅನ್ನುವ ಚಂಡಮಾರುತ ಎದ್ದು, ಆಂಧ್ರದ ಉತ್ತರ ಕರಾವಳಿಗೆ ಬಂದು, ನೆಲದ ಮೇಲೆ ಬಲ ಕಳೆದುಕೊಂಡು, ದೇಶವನ್ನು ಅಡ್ಡಕ್ಕೆ ದಾಟಿತು. ಅದರ ಉಳಿಕೆಯೇ ಅರಬ್ಬಿ ಸಮುದ್ರಕ್ಕೆ ಇಳಿದು ಮತ್ತೆ ಬಲ ಕಟ್ಟಿಕೊಂಡು ಶಾಹೀನ್ ಆಯಿತು. ನೆಲದ ಮೇಲೆ ಯಾಕೆ ಬಲ ಹೋಯಿತು, ನೀರಿಗೆ ಇಳಿದ ಮೇಲೆ ಯಾಕೆ ಬಂತು ಅಂತ ಕೇಳಿ. ಚಂಡಮಾರುತಕ್ಕೆ ಮೇವು ಬಿಸಿ ಸಮುದ್ರದ ಆವಿ ಅನ್ನುವುದು ಪಾಠದಲ್ಲಿದೆ. ಸುಮಾರು 26.5 ಡಿಗ್ರಿಗಿಂತ ಬಿಸಿ ನೀರು ಬೇಕು ಅಂತಲೂ ಇದೆ. ಅದನ್ನು ಇಲ್ಲಿ ಬಳಸಿ ಉತ್ತರ ಹೇಳುವುದು ಬಾಯಿಪಾಠ ಒಪ್ಪಿಸುವುದಕ್ಕಿಂತ ಎಷ್ಟೋ ಚೆನ್ನ.

ಗಾಳಿಯನ್ನು ಕೋಣೆಯೊಳಗೇ ತನ್ನಿ

ಬಿಸಿ ನೀರು, ತಿರುಗುವ ಗಾಳಿ, ಸಮಭಾಜಕದ ಹತ್ತಿರ ಚಂಡಮಾರುತ ಯಾಕಿಲ್ಲ, ಇವೆಲ್ಲ ಬೋರ್ಡಿನ ಮೇಲೆ ಬರೆದರೆ ಒಣ ಒಣ. ಒಂದು ಚಟುವಟಿಕೆ ಹೇಳುತ್ತೇನೆ, ಇದಕ್ಕೆ ಏನೂ ಖರ್ಚಿಲ್ಲ.

ಒಂದು ಮಗುವನ್ನು ಮುಂದೆ ಕರೆಯಿರಿ. ಕಿಟಕಿಯಿಂದ ಗಾಳಿ ಬರುತ್ತಿದೆ ಅಂದುಕೊಂಡು ಬೆನ್ನನ್ನು ಕಿಟಕಿಗೆ ಕೊಟ್ಟು ನಿಲ್ಲಲಿ. "ಈಗ ಕಡಿಮೆ ಒತ್ತಡದ ಜಾಗ, ಅಂದರೆ ಚಂಡಮಾರುತದ ಕೇಂದ್ರ, ನಿನ್ನ ಯಾವ ಕೈ ಕಡೆ ಇದೆ?" ಉತ್ತರ ಎಡಗೈ. ಉತ್ತರ ಗೋಳಾರ್ಧದಲ್ಲಿ ಕಡಿಮೆ ಒತ್ತಡದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದರಿಂದ ಹೀಗೆ. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಇದನ್ನು ಹೇಳಿದ. ಆ ಹೆಸರು ಕೇಳಬೇಡಿ, ಮಕ್ಕಳಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಬದಲಿಗೆ ಮುಂದಿನ ತಂಡಕ್ಕೆ, "ಇದೇ ಮಗು ಆಸ್ಟ್ರೇಲಿಯಾದಲ್ಲಿ ನಿಂತಿದ್ದರೆ?" ಅಂತ ಕೇಳಿ. ಬಲಗೈ. ಒಂದೇ ಮಗುವನ್ನು ನಿಲ್ಲಿಸಿ ಎರಡು ಪ್ರಶ್ನೆ ಆಯಿತು. ಕೋಣೆಯಲ್ಲಿ ಎಲ್ಲರೂ ಕೂತಲ್ಲೇ ಕೈ ತಿರುಗಿಸುತ್ತಾ ಲೆಕ್ಕ ಹಾಕುವುದನ್ನು ನೋಡಲು ಮಜಾ ಇರುತ್ತೆ.

ಸ್ವಲ್ಪ ಕಷ್ಟದ್ದು ಬೇಕಾ? "ನಮ್ಮಲ್ಲಿ ಜೋರು ಮಳೆ ಜೂನ್‌ನಿಂದ ಸೆಪ್ಟೆಂಬರ್. ಆದರೆ ಚಂಡಮಾರುತಗಳು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್ ಶುರುವಿನವರೆಗೆ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. ನಡುವಿನ ಮುಂಗಾರಿನಲ್ಲಿ ಯಾಕೆ ಕಡಿಮೆ?" ಮುಂಗಾರಿನಲ್ಲಿ ಕೆಳಗಿನ ಗಾಳಿ ಪಶ್ಚಿಮದಿಂದ ಬೀಸುತ್ತೆ, ತುಂಬಾ ಮೇಲಿನ ಗಾಳಿ ಪೂರ್ವದಿಂದ. ಬುಗುರಿಯ ಮೊಳೆ ಒಂದು ಕಡೆ, ತಲೆ ಇನ್ನೊಂದು ಕಡೆ ಎಳೆದರೆ ಅದು ನಿಂತು ತಿರುಗುತ್ತದೆಯೇ? ಚಂಡಮಾರುತಕ್ಕೂ ಅದೇ ಗತಿ. ಗಮನಿಸಿ, ಪ್ರಶ್ನೆಯಲ್ಲಿ "ಕಡಿಮೆ" ಅಂದಿದ್ದೇನೆ, "ಇಲ್ಲ" ಅಂದಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ ಅಸ್ನಾ ಎದ್ದಿತ್ತು. ಯಾವತ್ತೂ, ಎಲ್ಲೂ, ಮಾತ್ರ, ಮೊಟ್ಟಮೊದಲು, ಈ ನಾಲ್ಕು ಮಾತು ಪ್ರಶ್ನೆಯಲ್ಲಿ ಕಂಡರೆ ಎರಡೆರಡು ಸಲ ಪರೀಕ್ಷೆ ಮಾಡಿ. ಜಗಳ ಶುರುವಾಗುವುದೇ ಅಲ್ಲಿಂದ.

ಬೆಟ್ಟದ ಮೇಲಿರುವ ನಮಗೆ ಚಂಡಮಾರುತ ಏನು ಸಂಬಂಧ ಅಂತ ಕೇಳುವವರೂ ಇದ್ದಾರೆ. ಅವರಿಗೂ ಒಂದು ಪ್ರಶ್ನೆ ಇದೆ. "2024ರ ನವೆಂಬರ್ 30ರಂದು ಪುದುಚೇರಿ ಹತ್ತಿರ ಒಂದು ಚಂಡಮಾರುತ ದಡ ಮುಟ್ಟಿತು. ಅದಾದ ಒಂದೆರಡು ದಿನಕ್ಕೆ ಚಿಕ್ಕಮಗಳೂರು, ಹಾಸನ, ಕೊಡಗಿನ ಬೆಳೆಗಾರರು ಕಣದಲ್ಲಿ ಹರಡಿದ್ದನ್ನು ಗುಡ್ಡೆ ಮಾಡಿ ಟಾರ್ಪಲ್ ಹೊದಿಸಲು ಓಡಬೇಕಾಯಿತು. ಚಂಡಮಾರುತ ಯಾವುದು, ಕಣದಲ್ಲಿದ್ದದ್ದು ಏನು, ಮಳೆ ಅಲ್ಲಿಂದ ಇಲ್ಲಿಗೆ ಬಂದದ್ದು ಹೇಗೆ?" ಫೆಂಗಲ್, ಕಾಫಿ, ಮತ್ತು ಅದರ ಉಳಿಕೆ ಪಶ್ಚಿಮಕ್ಕೆ ಚಲಿಸಿ ಕರ್ನಾಟಕದ ಮೇಲೆ ಹಾದು ಅರಬ್ಬಿ ಸಮುದ್ರ ಸೇರಿದ್ದು. ಮೂರು ಭಾಗಕ್ಕೆ ಮೂರು ಅಂಕ. ಎರಡನೇ ಭಾಗವನ್ನು ತೋಟದ ಕೆಲಸಗಾರರ ಲೈನ್ ಮನೆಯ ಮಗುವೂ ಹೇಳುತ್ತೆ, ಎಸ್ಟೇಟ್ ಮಾಲೀಕರ ಮಗುವೂ ಹೇಳುತ್ತೆ. ಅದಕ್ಕೇ ಈ ಪ್ರಶ್ನೆ ನನಗೆ ಇಷ್ಟ.

ಇದರ ಪಕ್ಕದಲ್ಲೇ ಹೂಮಳೆ ಪ್ರಶ್ನೆ ಇಡಿ. ಭೂಗೋಳದ ಪುಸ್ತಕದಲ್ಲಿ ಬಂಗಾಳದ ಕಾಲಬೈಸಾಖಿ, ಕೇರಳ ಕರ್ನಾಟಕದ ಮಾವಿನ ಮಳೆ ಅಂತ ಬರುತ್ತೆ. ಆ ಸಾಲಿನಲ್ಲಿ ಕಾಫಿ ಹೂ ಅರಳಿಸುವ ಮಳೆ ಯಾವುದು, ಅದು ಬಿದ್ದು ಎಷ್ಟು ದಿನಕ್ಕೆ ತೋಟ ಬೆಳ್ಳಗಾಗುತ್ತೆ ಅಂತ ಕೇಳಿ. ವಾರದಿಂದ ಹತ್ತು ದಿನ ಅಂದರೆ ಸರಿ ಕೊಡಿ. ಅರೇಬಿಕಾ, ರೋಬಸ್ಟಾಗೆ ಸ್ವಲ್ಪ ವ್ಯತ್ಯಾಸ ಇದೆ, ಒಂದೇ ಅಂಕಿ ಬೇಕು ಅಂತ ಹಟ ಹಿಡಿಯಬೇಡಿ.

ಹಕ್ಕಿ ಸುತ್ತು: ಮೊದಲು ಮೆಟ್ಟಿಲು ತಿಳಿದುಕೊಳ್ಳಿ

ಪತ್ರಿಕೆಯಲ್ಲಿ ಎಲ್ಲ ಹಕ್ಕಿಗೂ "ಅಳಿವಿನಂಚಿನ" ಅಂತ ಬರೆದುಬಿಡುತ್ತಾರೆ. ಕ್ವಿಜ್‌ಗೆ ಅದು ಸಾಲದು. ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ, ಅಂದರೆ ಯಾವ ಜೀವಿಗೆ ಎಷ್ಟು ಅಪಾಯ ಅಂತ ಆ ಅಂತರರಾಷ್ಟ್ರೀಯ ಸಂಸ್ಥೆ ಮಾಡುವ ಪಟ್ಟಿಯಲ್ಲಿ, ಮೆಟ್ಟಿಲುಗಳಿವೆ. ಕೆಳಗಿನಿಂದ ಹತ್ತಿದರೆ ಲೀಸ್ಟ್ ಕನ್ಸರ್ನ್ (ಸದ್ಯ ಚಿಂತೆಯಿಲ್ಲ), ನಿಯರ್ ಥ್ರೆಟೆಂಡ್ (ಅಪಾಯದ ಹತ್ತಿರ), ವಲ್ನರಬಲ್ (ಅಪಾಯಕ್ಕೆ ಸಿಕ್ಕಿದ್ದು), ಎಂಡೇಂಜರ್ಡ್ (ಅಳಿವಿನಂಚಿನದ್ದು), ಕ್ರಿಟಿಕಲಿ ಎಂಡೇಂಜರ್ಡ್ (ತೀರಾ ಅಳಿವಿನಂಚಿನದ್ದು), ಆಮೇಲೆ ಕಾಡಲ್ಲಿ ಇಲ್ಲದ್ದು, ಕೊನೆಗೆ ಪೂರ್ತಿ ಅಳಿದದ್ದು. ನಡುವಿನ ಮೂರು, ಅಂದರೆ ವಲ್ನರಬಲ್‌ನಿಂದ ಕ್ರಿಟಿಕಲಿ ಎಂಡೇಂಜರ್ಡ್‌ವರೆಗೆ, ಸೇರಿದರೆ "ಥ್ರೆಟೆಂಡ್". ಪಟ್ಟಿ ಶುರುವಾಗಿದ್ದು 1964ರಲ್ಲಿ. ಹಕ್ಕಿಗಳ ಮೌಲ್ಯಮಾಪನ ಮಾಡುವುದು ಬರ್ಡ್‌ಲೈಫ್ ಇಂಟರ್‌ನ್ಯಾಷನಲ್.

ಕೆಂಪು ಪಟ್ಟಿ ಬೇರೆ, ನಮ್ಮ ಕಾನೂನು ಬೇರೆ. ಇಲ್ಲಿ ಮೇಷ್ಟ್ರುಗಳೇ ಮುಗ್ಗರಿಸುತ್ತಾರೆ. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಕೊಂದರೆ ಕಠಿಣ ಶಿಕ್ಷೆ. ಆದರೆ ಕೆಂಪು ಪಟ್ಟಿಯಲ್ಲಿ ಅದು ಲೀಸ್ಟ್ ಕನ್ಸರ್ನ್. ನಮ್ಮ ರಾಜ್ಯ ಪಕ್ಷಿ ನೀಲಕಂಠವೂ ಥ್ರೆಟೆಂಡ್ ಅಲ್ಲ. ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಹತ್ತಿರ ಸಾವಿರಾರು ಸಂಖ್ಯೆಯಲ್ಲಿ ಇಳಿದು, ಆಮೇಲೆ ಅರಬ್ಬಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹಾರುವ ಅಮುರ್ ಡೇಗೆಯೂ ಲೀಸ್ಟ್ ಕನ್ಸರ್ನ್. "ಈ ಮೂರರಲ್ಲಿ ಕೆಂಪು ಪಟ್ಟಿಯ ಪ್ರಕಾರ ಥ್ರೆಟೆಂಡ್ ಯಾವುದು?" ಅಂತ ಕೇಳಿ ಸುಮ್ಮನಿರಿ. ಉತ್ತರ: ಯಾವುದೂ ಅಲ್ಲ. ಆದರೆ ಬಲೆ ಒಂದೇ ಅಂದೆನಲ್ಲ, 1999ರದ್ದು ಬಳಸಿದ್ದರೆ ಇದನ್ನು ಬಿಡಿ.

ಈಗ ನಿಜವಾದ ಸರಕಿಗೆ ಬರೋಣ. ಹಕ್ಕಿ ಸುತ್ತಿಗೆ ಹಿಮಾಲಯಕ್ಕೆ ಹೋಗುವ ಅಗತ್ಯವೇ ಇಲ್ಲ.

ಲಕ್ಕವಳ್ಳಿಯ ಭದ್ರಾ ಹಿನ್ನೀರು ನೋಡಿ. ಬೇಸಿಗೆಯಲ್ಲಿ ನೀರು ಇಳಿದಾಗ ನಡುಗಡ್ಡೆಗಳು ಬಯಲಾಗುತ್ತವೆ. ಅಲ್ಲಿ ರಿವರ್ ಟರ್ನ್ ಅನ್ನುವ ಹಕ್ಕಿ ದೊಡ್ಡ ಸಂಖ್ಯೆಯಲ್ಲಿ ಬಂದು ಮೊಟ್ಟೆ ಇಡುತ್ತೆ. ಹಳದಿ ಕೊಕ್ಕು, ತಲೆ ಮೇಲೆ ಕಪ್ಪು ಟೋಪಿ, ಕವಲು ಬಾಲ. ಕಡ್ಡಿ ಜೋಡಿಸಿ ಗೂಡು ಕಟ್ಟುವ ಗೋಜಿಲ್ಲ. ಬರೀ ನೆಲದಲ್ಲಿ ಸಣ್ಣ ಗುಳಿ, ಅದರಲ್ಲೇ ಮೊಟ್ಟೆ. ಮೊಟ್ಟೆಯ ಬಣ್ಣ ಮಣ್ಣು ಕಲ್ಲಿನದ್ದೇ, ಮೇಲೆ ಕಂದು ಚುಕ್ಕೆ. ಎರಡು ಹೆಜ್ಜೆ ದೂರದಿಂದ ನೋಡಿದರೂ ಕಾಣುವುದಿಲ್ಲ, ಕಾಲಿಟ್ಟರೆ ಮುಗಿಯಿತು. ಈ ಹಕ್ಕಿ ಈಗ ವಲ್ನರಬಲ್. ಇದರ ಮೇಲೆ ಎಷ್ಟು ಪ್ರಶ್ನೆ ಬೇಕಾದರೂ ಮಾಡಬಹುದು:

"ಈ ಹಕ್ಕಿ ಮಳೆಗಾಲ ಬಿಟ್ಟು ಬೇಸಿಗೆಯಲ್ಲೇ ಯಾಕೆ ಇಲ್ಲಿ ಮೊಟ್ಟೆ ಇಡುತ್ತೆ?" ಮಳೆಗಾಲದಲ್ಲಿ ನಡುಗಡ್ಡೆಯೇ ಮುಳುಗಿರುತ್ತೆ.

"ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದು ಘಟ್ಟದ ಮೇಲೆ ಎರಡು ದಿನ ಬಿಡದೆ ಮಳೆ ಸುರಿದರೆ ಈ ಹಕ್ಕಿಗೆ ಏನು ಅಪಾಯ?" ನೀರು ಏರಿದರೆ ಹಾರಲು ಬಾರದ ಮರಿ, ಮೊಟ್ಟೆ ಎಲ್ಲ ನೀರುಪಾಲು.

"ನಡುಗಡ್ಡೆಗೆ ದೋಣಿಯಲ್ಲಿ ಹೋಗಿ ಫೋಟೋ ತೆಗೆಯಬಾರದು ಅನ್ನುವುದಕ್ಕೆ ಎರಡು ಕಾರಣ ಕೊಡಿ." ತುಳಿತ ಒಂದು. ಇನ್ನೊಂದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ತಾಯಿ ಹಕ್ಕಿ ಹೆದರಿ ಎದ್ದರೆ ಬಿಸಿಲಿಗೆ ಮೊಟ್ಟೆ ಬೇಯುತ್ತೆ, ಹದ್ದು ಕಾಗೆಗಳಿಗೂ ದಾರಿ ಆಗುತ್ತೆ. ಕಾವು ಕೊಡುವುದು ಅಂದರೆ ಬಿಸಿ ಮಾಡುವುದಷ್ಟೇ ಅಲ್ಲ, ನೆರಳು ಹಿಡಿಯುವುದೂ ಹೌದು.

ಇದೇ ಭದ್ರಾ ನೀರನ್ನು ಹಿಡಿದು ಭೂಗೋಳಕ್ಕೂ ಹಾರಬಹುದು. ಅರಬ್ಬಿ ಸಮುದ್ರದ ಮೋಡ ನಮ್ಮ ಘಟ್ಟದ ಮೇಲೆ ಸುರಿಸಿದ ನೀರು ಭದ್ರಾ, ತುಂಗಭದ್ರಾ, ಕೃಷ್ಣೆ ಆಗಿ ಕೊನೆಗೆ ಯಾವ ಸಮುದ್ರ ಸೇರುತ್ತೆ? ಬಂಗಾಳ ಕೊಲ್ಲಿ. ಅದೇ ಘಟ್ಟದ ಆ ಕಡೆ ಇಳಿದ ನೇತ್ರಾವತಿ? ಅರಬ್ಬಿ ಸಮುದ್ರಕ್ಕೇ ವಾಪಸ್.

ಇನ್ನೊಂದು ಹಕ್ಕಿ ಮಂಗಟ್ಟೆ. ಮಲಬಾರ್ ಬೂದು ಮಂಗಟ್ಟೆ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಮ್ಮ ಕಾಫಿ ತೋಟದ ಅತ್ತಿ, ಆಲದ ಮರಗಳಲ್ಲಿ ಅದರ ಕೂಗು ಯಾರೋ ಗಟ್ಟಿಯಾಗಿ ಕೇಕೆ ಹಾಕಿ ನಕ್ಕ ಹಾಗೆ ಕೇಳುತ್ತೆ. ಇದೂ ವಲ್ನರಬಲ್. ಕೂಗು ಕೇಳಿಸಿದ ತಕ್ಷಣ ಮಕ್ಕಳು "ಸರ್, ಇದು ನಮ್ಮ ತೋಟದಲ್ಲೇ ಇದೆ" ಅನ್ನುತ್ತಾರೆ. ದಿನಾ ಕಾಣುವ ಹಕ್ಕಿ ಅಪಾಯದಲ್ಲಿದೆ ಅಂದರೆ ನಂಬುವುದೇ ಇಲ್ಲ. ಆಗ ಪ್ರಶ್ನೆ ಎಸೆಯಿರಿ: "ನಮಗೆ ದಿನಾ ಕಾಣುತ್ತೆ, ಆದರೂ ಪಟ್ಟಿಯಲ್ಲಿ ಅಪಾಯ ಅಂತಿದೆ. ಹೇಗೆ?" ಇರುವುದೇ ಘಟ್ಟದ ಒಂದು ಪಟ್ಟಿ ಜಾಗದಲ್ಲಿ, ಅಲ್ಲೂ ದೊಡ್ಡ ಮರ ಕಡಿಮೆ ಆಗುತ್ತಿದೆ ಅನ್ನುವ ದಾರಿಯಲ್ಲಿ ಬಂದರೆ ಸಾಕು. ಹೆಣ್ಣು ಮಂಗಟ್ಟೆ ಹಳೇ ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತೆ. ಸಣ್ಣ ಸೀಳೊಂದು ಬಿಡುತ್ತೆ, ಗಂಡು ಅದರಲ್ಲೇ ಹಣ್ಣು ತುರುಕುತ್ತೆ. ಗಾಳಿಗೆ ಅಂಥ ಒಂದು ಹಳೇ ಮರ ಉರುಳಿದರೆ ಅದರ ಜಾಗಕ್ಕೆ ನೆಟ್ಟ ಸಿಲ್ವರ್ ಓಕ್ ಯಾಕೆ ಸಾಲದು ಅಂತ ಕೇಳಿ. ಪೊಟರೆಯೂ ಇಲ್ಲ, ತಿನ್ನಲು ಹಣ್ಣೂ ಇಲ್ಲ. ದೊಡ್ಡ ಮಂಗಟ್ಟೆಯೂ 2018ರಿಂದ ವಲ್ನರಬಲ್. ಅದು ಕೇರಳ ಮತ್ತು ಅರುಣಾಚಲ ಪ್ರದೇಶ, ಎರಡಕ್ಕೂ ರಾಜ್ಯ ಪಕ್ಷಿ.

ರಣಹದ್ದು, ಎರ್ಲಡ್ಡು ಬಗ್ಗೆ ಎಲ್ಲರೂ ಕೇಳುತ್ತಾರೆ, ಆದ್ದರಿಂದ ಬೇಗ ಮುಗಿಸುತ್ತೇನೆ. ರಣಹದ್ದಿಗೆ ದನದ ನೋವಿನ ಔಷಧಿ ಡೈಕ್ಲೋಫೆನಾಕ್ ಪ್ರಶ್ನೆ ಹಳಸಿದೆ. "ದನಕ್ಕೆ ಕೊಟ್ಟ ಇಂಜೆಕ್ಷನ್ ಹದ್ದಿನ ಕಿಡ್ನಿಗೆ ಹೋದದ್ದು ಹೇಗೆ, ಹೆಜ್ಜೆ ಹೆಜ್ಜೆಯಾಗಿ ಹೇಳಿ" ಅಂತ ತಿರುಗಿಸಿ. ಪಶುಗಳಿಗೆ ಅದನ್ನು ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ನಮ್ಮ ರಾಜ್ಯದ ರಣಹದ್ದು ಧಾಮ ರಾಮನಗರದ ರಾಮದೇವರ ಬೆಟ್ಟ, 2012ರದ್ದು. ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ರಾಜಸ್ಥಾನದ ರಾಜ್ಯ ಪಕ್ಷಿ. ನಮ್ಮಲ್ಲಿ ಅದರ ಕೊನೆಯ ನೆಲೆ ಬಳ್ಳಾರಿಯ ಸಿರುಗುಪ್ಪ ಕಡೆ. ಅದು ವಿದ್ಯುತ್ ತಂತಿಗೆ ಯಾಕೆ ಬಡಿಯುತ್ತೆ ಅಂತ ಕೇಳಿ. ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ನೇರ ಮುಂದೆ ಇರುವುದು ಸರಿಯಾಗಿ ಕಾಣುವುದಿಲ್ಲ, ಮೈಯೋ ಭಾರ, ತಂತಿ ಕಂಡ ಮೇಲೆ ತಿರುಗಲು ಸಮಯ ಸಾಲುವುದಿಲ್ಲ.

ಫೈನಲ್‌ಗೆ ಇಡಬಹುದಾದ ಒಂದು

ಹಕ್ಕಿ ಮತ್ತು ಗಾಳಿ ಎರಡೂ ಪೂರ್ತಿ ಕೂಡುವ ಪ್ರಶ್ನೆ ಹವಾಯಿ ದ್ವೀಪದಿಂದ ಬರುತ್ತೆ. ಕವಾಯಿ ಅನ್ನುವ ದ್ವೀಪದಲ್ಲಿ ಓಓ ಅನ್ನುವ ಹಕ್ಕಿ ಇತ್ತು. ಬೇರೆ ಕಡೆಯಿಂದ ಬಂದ ಇಲಿ, ಹಂದಿ, ಸೊಳ್ಳೆ ಹರಡಿದ ರೋಗ ಎಲ್ಲ ಸೇರಿ ಕೊನೆಕೊನೆಗೆ ಕೆಲವೇ ಉಳಿದಿದ್ದವು. 1982ರ ನವೆಂಬರ್‌ನಲ್ಲಿ ಒಂದು ಹರಿಕೇನ್, ಅಂದರೆ ಆ ಕಡೆಯ ಚಂಡಮಾರುತ, ಬಂತು. ಆಮೇಲೆ ಹೆಣ್ಣು ಹಕ್ಕಿ ಕಾಣಲಿಲ್ಲ. ಗಂಡಿನ ಕೂಗು ಕೊನೆಯ ಬಾರಿ ಕೇಳಿದ್ದು 1987ರಲ್ಲಿ. ಆ ಹರಿಕೇನ್‌ನ ಹೆಸರು ಇವಾ. ಹವಾಯಿ ಭಾಷೆಯಲ್ಲಿ ಅದು ಒಂದು ಕಡಲ ಹಕ್ಕಿಯ ಹೆಸರು, ಫ್ರಿಗೇಟ್ ಹಕ್ಕಿಯದ್ದು.

ಇದನ್ನು ಹೆಸರು ಕೇಳುವ ಪ್ರಶ್ನೆ ಮಾಡಬೇಡಿ, ಯಾರಿಗೂ ಬರುವುದಿಲ್ಲ. ಕಥೆ ಪೂರ್ತಿ ಹೇಳಿ. "ಇದೇ ಹರಿಕೇನ್ ನೂರಾರು ವರ್ಷ ಮುಂಚೆ ಬಂದಿದ್ದರೆ ಹಕ್ಕಿ ಅಳಿಯುತ್ತಿತ್ತೇ? ಕಾರಣ ಕೊಡಿ." ಆಗ ಹಕ್ಕಿ ಜಾಸ್ತಿ ಇದ್ದವು, ಕಾಡು ದೊಡ್ಡದಿತ್ತು, ಕೆಲವು ಸತ್ತರೂ ಉಳಿದವು ಮತ್ತೆ ಹೆಚ್ಚುತ್ತಿದ್ದವು ಅನ್ನುವ ಕಡೆಗೆ ಬಂದರೆ ಅಂಕ. ಈ ಹಕ್ಕಿಯ ಕೂಗಿನ ರೆಕಾರ್ಡಿಂಗ್ ಸಿಗುತ್ತೆ, ಪ್ರಶ್ನೆಗೆ ಮುಂಚೆ ಹಾಕಿ.

ತಾರೀಕು ಬರೆದಿಟ್ಟುಕೊಳ್ಳಿ

ಕೆಂಪು ಪಟ್ಟಿ ನಿಂತ ನೀರಲ್ಲ. ಅಸ್ಸಾಮಿನ ಹರ್ಗಿಲಾ ಕೊಕ್ಕರೆ ಹಳೇ ಪುಸ್ತಕಗಳಲ್ಲಿ ಎಂಡೇಂಜರ್ಡ್ ಅಂತಿರುತ್ತೆ. ವನ್ಯಜೀವಿ ತಜ್ಞೆ ಪೂರ್ಣಿಮಾ ದೇವಿ ಬರ್ಮನ್ ಜೊತೆ ಹಳ್ಳಿಯ ಹೆಂಗಸರು ಗೂಡಿನ ಮರ ಕಾಯಲು ನಿಂತರು. 2023ರಲ್ಲಿ ಅದನ್ನು ನಿಯರ್ ಥ್ರೆಟೆಂಡ್‌ಗೆ ಇಳಿಸಿದರು. 1997ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಪತ್ತೆಯಾದ ಕಾಡು ಹಾಲಕ್ಕಿ ಗೂಬೆ, ಅಂದರೆ ಫಾರೆಸ್ಟ್ ಔಲೆಟ್, 2018ರಲ್ಲಿ ಒಂದು ಮೆಟ್ಟಿಲು ಇಳಿಯಿತು. ಉಲ್ಟಾ ಆದದ್ದೂ ಇದೆ. ತೆಳು ಕೊಕ್ಕಿನ ಕರ್ಲ್ಯೂ ಅನ್ನುವ ಹಕ್ಕಿ ಪೂರ್ತಿ ಅಳಿದಿದೆ ಅಂತ 2025ರ ಅಕ್ಟೋಬರ್‌ನಲ್ಲಿ ಘೋಷಿಸಿದರು. ಹಾಗಾಗಿ ಪ್ರಶ್ನೆ ಕಾರ್ಡಿನ ಹಿಂದೆ ಉತ್ತರದ ಜೊತೆ "ನೋಡಿದ ದಿನಾಂಕ" ಅಂತ ಒಂದು ಸಾಲು ಇರಲಿ. ಕ್ವಿಜ್‌ನ ಹಿಂದಿನ ವಾರ ಐಯುಸಿಎನ್ ಪಟ್ಟಿಯಲ್ಲಿ ಆ ಹಕ್ಕಿಯ ಪುಟವನ್ನೇ ತೆಗೆದು ಮತ್ತೆ ನೋಡಿ. ವಾಟ್ಸಾಪ್‌ನಲ್ಲಿ ಬಂದ ಪಟ್ಟಿ, ಗೈಡು, ಯೂಟ್ಯೂಬ್ ಇವ್ಯಾವುದೂ ಕೊನೆಯ ಮಾತಲ್ಲ. ಚಂಡಮಾರುತಕ್ಕೆ ಹವಾಮಾನ ಇಲಾಖೆಯ ವರದಿ ನೋಡಿ.

ಕಾರ್ಡಿನಲ್ಲಿ ಒಪ್ಪುವ ಉತ್ತರಗಳನ್ನೂ ಮೊದಲೇ ಬರೆಯಿರಿ. ಹಕ್ಕಿ ಹೆಸರು ಸಕಲೇಶಪುರದಲ್ಲಿ ಒಂದು, ಕಡೂರಲ್ಲಿ ಇನ್ನೊಂದು. ಊರ ಹೆಸರು ಹೇಳಿದರೂ ಸರಿ, ಇಂಗ್ಲಿಷ್ ಹೆಸರು ಹೇಳಿದರೂ ಸರಿ. ಗಾಳಿಯ ವೇಗ 62 ಅಂತ ನಿಮ್ಮಲ್ಲಿದ್ದು ಮಗು 63 ಅಂದರೆ ಅಂಕ ಕೊಡಿ. ಮೂಲ ಲೆಕ್ಕ 34 ನಾಟ್ (ಸಮುದ್ರಯಾನದಲ್ಲಿ ಬಳಸುವ ವೇಗದ ಅಳತೆ), ಕಿಲೋಮೀಟರ್‌ಗೆ ತಿರುಗಿಸುವಾಗ ಒಂದು ಆಚೀಚೆ ಆಗುತ್ತೆ.

ನಡೆಸುವಾಗ ಒಂದೆರಡು ಮಾತು. ಕರೆಂಟ್ ನಂಬಬೇಡಿ. ಕೊಪ್ಪ, ಶೃಂಗೇರಿ ಕಡೆ ಒಂದು ಗಾಳಿ ಬೀಸಿದರೆ ಪ್ರೊಜೆಕ್ಟರ್ ಕಥೆ ಮುಗಿಯಿತು. ಚಿತ್ರಗಳನ್ನು ದೊಡ್ಡದಾಗಿ ಕಲರ್ ಪ್ರಿಂಟ್ ತೆಗೆಸಿ, ಹಕ್ಕಿ ಕೂಗುಗಳನ್ನು ಮೊಬೈಲ್‌ನಲ್ಲೇ ಇಳಿಸಿಟ್ಟು ಚಾರ್ಜ್ ಆದ ಸ್ಪೀಕರ್ ಒಯ್ಯಿರಿ. ಹೆಂಚಿನ ಮೇಲೆ ಮಳೆ ಬೀಳುತ್ತಿದ್ದರೆ ಕೂಗಿನ ಸುತ್ತು ಮುಂದಕ್ಕೆ ಹಾಕಿ. ಪ್ರಶ್ನೆಯನ್ನು ಎರಡು ಸಲ ಓದಿ, ಎರಡನೇ ಸಲ ಮಾತು ಬದಲಿಸಬೇಡಿ. ಯೋಚಿಸುವ ಪ್ರಶ್ನೆಗೆ ಮೂವತ್ತು ಸೆಕೆಂಡ್ ಸಾಲದು, ಒಂದು ನಿಮಿಷ ಕೊಡಿ. ತಂಡದವರು ಪಿಸುಗುಟ್ಟಿಕೊಂಡು ಜಗಳ ಆಡಲಿ. ಯಾರಿಗೂ ಬಾರದ್ದನ್ನು ಪ್ರೇಕ್ಷಕರಿಗೆ ಬಿಡಿ, ಅಡುಗೆಯವರೋ ವ್ಯಾನ್ ಡ್ರೈವರೋ ಹಿಂದಿನಿಂದ ಸರಿ ಉತ್ತರ ಹೇಳುವುದು ಹೊಸದೇನಲ್ಲ. ಅವರಿಗೂ ಒಂದು ಬಹುಮಾನ ಇರಲಿ.

ಟೈ ಆದರೆ ಅಂಕಿ ಪ್ರಶ್ನೆ ಕೇಳಿ. ಎರಡೂ ತಂಡ ಚೀಟಿಯಲ್ಲಿ ಬರೆದುಕೊಡಲಿ, ಹತ್ತಿರ ಬಂದವರು ಗೆದ್ದರು. ಸೂಪರ್ ಸೈಕ್ಲೋನ್ ಅನ್ನಿಸಿಕೊಳ್ಳಲು ಗಾಳಿ ಗಂಟೆಗೆ ಕನಿಷ್ಠ ಎಷ್ಟು ಕಿಲೋಮೀಟರ್ ಇರಬೇಕು? 222. ಭಾರತದ ಹವಾಮಾನ ಇಲಾಖೆ ಶುರುವಾದದ್ದು ಯಾವ ವರ್ಷ? 1875. ಇಂಥವು ಮೂರಾದರೂ ಜೇಬಿನಲ್ಲಿರಲಿ, ಎರಡು ತಂಡವೂ ಒಂದೇ ಅಂಕಿ ಬರೆಯುವುದುಂಟು.